ಪದಚರ್ಚೆ: ಮಾಡೆಲ್ ರೈಲು ಎಂಜಿನ್ನಿನ 'ವೆದರಿಂಗ್'ಗೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ (ಮಲ್ಲೇಶ್ವರದಿಂದ)

ಎಲ್ಲರಿಗೂ ನಮಸ್ಕಾರ. ಎಚ್‌ಒ ಸ್ಕೇಲಿನ, ಅಂದರೆ 1:87 ಅಳತೆಯ ಮಾಡೆಲ್ ಎಂಜಿನ್‌ಗಳಿಗೆ ಓಡಾಡಿದ ಎಂಜಿನ್ನಿನ ನೋಟ ಕೊಡುವ ಬಗ್ಗೆ ಕನ್ನಡದಲ್ಲೊಂದು ಕಿರುಕೈಪಿಡಿ ತಯಾರಾಗುತ್ತಿದೆ. ಹೈಸ್ಕೂಲು ಮಕ್ಕಳೂ ಓದಿಕೊಂಡು ಕೆಲಸ ಮಾಡುವಂತಿರಬೇಕು. ವೆದರಿಂಗ್ (ಓಡಾಡಿ ಹಳೆಯದಾದ ನೋಟ ಕೊಡುವುದು), ವಾಶ್ (ತೆಳು ಬಣ್ಣ ಹರಿಸುವುದು), ಡ್ರೈಬ್ರಶ್ (ಬಣ್ಣ ಒರೆಸಿದ ಕುಂಚ ಆಡಿಸುವುದು), ಡೀಟೇಲಿಂಗ್ (ಸಣ್ಣ ಬಿಡಿಭಾಗ ಕೂರಿಸುವುದು) ಎಂಬ ನಾಲ್ಕು ಮಾತುಗಳಿಗೆ ಪದ ಬೇಕು. ಈಗಿನ ಕರಡು ಹೀಗಿದೆ:

"ಶಿಥಿಲೀಕರಣಕ್ಕೆ ಮೊದಲು ವಿವರೀಕರಣ ಮುಗಿಸಿ. ಬೋಗಿಗೆ ಕಂದು ತೊಳೆತ ಕೊಡಿ. ಒಣಗಿದ ಮೇಲೆ ಒಣ ಬ್ರಶ್ ಮಾಡಿ, ಕಂಬಿಗಳಿಗೆ ತುಕ್ಕು ತೋರಿಸಿ."

ಓದಿದವರಿಗೆ ತಲೆಬುಡ ತಿಳಿಯುತ್ತಿಲ್ಲ. ಇಂಗ್ಲಿಷ್ ಪದಗಳನ್ನೇ ಕನ್ನಡ ಲಿಪಿಯಲ್ಲಿ ಬರೆದುಬಿಡೋಣವೇ, ಅಥವಾ ಆಡುಮಾತಿನಲ್ಲಿ ಏನಾದರೂ ಇದೆಯೇ?

ಉತ್ತರ (ಕೃಷ್ಣರಾಜಪುರದಿಂದ)

ಮೇಡಂ, ನೀವು ಕೇಳಿದ ನಾಲ್ಕು ಪದಕ್ಕಿಂತ ಹೆಚ್ಚು ಗೊಂದಲ ಎಬ್ಬಿಸುವ ಎರಡು ಪದ ಆ ವಾಕ್ಯದಲ್ಲೇ ಇವೆ. ಜನರ ಬಾಯಲ್ಲಿ ಬೋಗಿ ಅಂದರೆ ಪ್ರಯಾಣಿಕರು ಕೂರುವ ಡಬ್ಬಿ. ರೈಲ್ವೆ ಕಾರ್ಯಾಗಾರದಲ್ಲಿ ಬೋಗಿ ಅಂದರೆ ಗಾಲಿ, ಅಚ್ಚು, ಸ್ಪ್ರಿಂಗು ಕೂತಿರುವ ಕೆಳಗಿನ ಚೌಕಟ್ಟು. ನಮ್ಮ ರೈಲ್ವೆಯ ಡಬ್ಲ್ಯುಡಿಎಂ-2 ಡೀಸೆಲ್ ಎಂಜಿನ್ನಿನ ಕೆಳಗೆ ಮೂರು ಮೂರು ಅಚ್ಚಿನ ಅಂಥವು ಎರಡಿವೆ. ನಿಮ್ಮ ವಾಕ್ಯ ಓದಿದ ಹುಡುಗ ಹಿಂದಿನ ಡಬ್ಬಿಗೆಲ್ಲ ಕಂದು ಬಳಿದರೆ ತಪ್ಪು ಅವನದಲ್ಲ. 'ಗಾಲಿಚೌಕಟ್ಟು' ಅನ್ನಿ. ಕಂಬಿಯದ್ದೂ ಅದೇ ಕಥೆ. ನಮ್ಮ ಕಡೆ ರೈಲು ಕಂಬಿ ಅಂದರೆ ಹಳಿ, ಬಸ್ಸಿನಲ್ಲಿ ಕಂಬಿ ಅಂದರೆ ಹಿಡಿದುಕೊಳ್ಳುವುದು. ಎಂಜಿನ್ ಹತ್ತುವಾಗ ಹಿಡಿಯುವುದಕ್ಕೆ 'ಹಿಡಿಕಂಬಿ' ಎಂದರೆ ಜಗಳವಿಲ್ಲ.

ಇನ್ನು ವೆದರಿಂಗ್. ಶಿಥಿಲೀಕರಣ ಬೇಡವೇ ಬೇಡ. ಅದು ಭೂಗೋಳ ಪಾಠದ್ದು, ಬಂಡೆ ಒಡೆದು ಮಣ್ಣಾಗುವುದಕ್ಕೆ ಹೇಳುವುದು. ಓಡುತ್ತಿರುವ ಎಂಜಿನ್ ಶಿಥಿಲವಾಗಿರುವುದಿಲ್ಲ, ಮಾಸಿರುತ್ತದೆ. 'ಮಾಸು' ಕ್ರಿಯಾಪದದಲ್ಲಿ ಬಣ್ಣ ಕಳೆಗುಂದುವುದೂ ಕೊಳೆ ಹತ್ತುವುದೂ ಎರಡೂ ಸೇರಿವೆ, ನಮಗೆ ಬೇಕಾದ್ದೂ ಅವೆರಡೇ. ಕೆಲಸದ ಹೆಸರು 'ಮಾಸಲು ಕೆಲಸ' ಅಥವಾ 'ಮಾಸಲುಗೊಳಿಸುವುದು' ಆಗಲಿ. ಬರೀ 'ಮಾಸು' ಎಂದು ನಾಮಪದ ಮಾಡಬೇಡಿ, ಹಸು ಸಾಕಿದವರು ನಗುತ್ತಾರೆ. ಕರು ಹಾಕಿದ ಮೇಲೆ ಬೀಳುವುದು ಅದು.

ಆದರೆ ಈ ಒಂದು ಪದ ಅಧ್ಯಾಯದ ತಲೆಬರಹಕ್ಕೆ ಸಾಕು, ಒಳಗಿನ ಪಾಠಕ್ಕೆ ಸಾಲದು. ಇಂಗ್ಲಿಷಿನವರು ಒಂದೇ ಹೆಸರಿಟ್ಟು ಮುಚ್ಚಿಟ್ಟಿರುವುದು ಐದಾರು ಬೇರೆ ಬೇರೆ ಕೊಳೆಗಳನ್ನು. ಕನ್ನಡದಲ್ಲಿ ಅವಕ್ಕೆಲ್ಲ ಬೇರೆ ಹೆಸರೇ ಇದೆ, ಮತ್ತು ಪ್ರತಿಯೊಂದಕ್ಕೂ ಬೇರೆ ಸಾಮಗ್ರಿ, ಬೇರೆ ಕೈಚಳಕ. ಹೆಸರು ಸರಿಯಾಗಿ ಬಂದರೆ ವಿಧಾನವೂ ಸರಿಯಾಗಿ ಬರುತ್ತದೆ.

ಬಣ್ಣ ಬಿಳಚಿಕೊಳ್ಳುವುದು ಬಿಸಿಲಿನ ಕೆಲಸ, ಅದು ಎಲ್ಲಕ್ಕೂ ಮೊದಲು ಆಗಬೇಕು. ಮೂಲ ಬಣ್ಣ 4 ಪಾಲಿಗೆ ದಂತದ ಬಣ್ಣ 1 ಪಾಲು ಕಲಸಿ, ಆ ಮಿಶ್ರಣದ 1 ಪಾಲಿಗೆ 9 ಪಾಲು ತಿನ್ನರ್ ಹಾಕಿ, 0.3 ಮಿಮೀ ನಳಿಕೆಯ ಏರ್‌ಬ್ರಶ್‌ನಲ್ಲಿ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಾಧನ) 15ರಿಂದ 20 ಪಿಎಸ್‌ಐ ಒತ್ತಡದಲ್ಲಿ ಹಾಯಿಸಿ. ಕೆಂಪು ಮೈಯಿಗೆ ಅಚ್ಚ ಬಿಳಿ ಕಲಸಿದರೆ ಎಂಜಿನ್ ಗುಲಾಬಿಯಾಗುತ್ತದೆ, ಅದಕ್ಕೇ ದಂತದ ಬಣ್ಣ ಹೇಳಿದ್ದು.

ಮಸಿ ಬೇರೆ. ಡೀಸೆಲ್ ಎಂಜಿನ್ನಿನ ಹೊಗೆಕೊಳವೆಯ ಸುತ್ತ, ಛಾವಣಿಯ ಮೇಲೆ ಕೂರುವುದು. ಅಮೆರಿಕದ ಆಲ್ಕೊ ಕಂಪನಿಯ ವಿನ್ಯಾಸದ ಎಂಜಿನ್‌ಗಳಲ್ಲಿ, ಒಳಕ್ಕೆ ಗಾಳಿ ತುರುಕುವ ಟರ್ಬೊ ವೇಗ ಹಿಡಿಯುವ ಮೊದಲೇ ಡೀಸೆಲ್ ಹೆಚ್ಚು ಸುರಿದು ಕಪ್ಪು ಹೊಗೆ ಏಳುತ್ತದೆ, ಹಾಗಾಗಿ ಅವುಗಳ ಛಾವಣಿ ಹೆಚ್ಚು ಕಪ್ಪು. ಎಂಜಿನ್ ಎರಡೂ ದಿಕ್ಕಿಗೆ ಓಡುವುದರಿಂದ ಮಸಿಯೂ ಎರಡೂ ಕಡೆ ಎಳೆದಿರಬೇಕು. ಒಂದೇ ಕಡೆ ಎಳೆಯುವುದು ಹೊಸಬರ ತಪ್ಪು. ಕೆಲವರು ಇದಕ್ಕೆ 'ಇಲ್ಲಣ' ಎಂದು ಬರೆದಿದ್ದು ಕಂಡಿದ್ದೇನೆ, ಪದ ಚೆಂದವಿದ್ದರೂ ಇಲ್ಲಿಗೆ ಹೊಂದುವುದಿಲ್ಲ. ಇಲ್ಲಣ ಅಡುಗೆಮನೆ ಅಟ್ಟದಿಂದ ಜೋತುಬೀಳುವುದು, ಗಾಳಿಗೆ ಓಡುವ ಛಾವಣಿಯಲ್ಲಿ ಜೋತುಬೀಳುವುದಕ್ಕೆ ಏನೂ ಉಳಿಯುವುದಿಲ್ಲ. ವಿದ್ಯುತ್ ಎಂಜಿನ್ನಿಗೆ ಹೊಗೆಯೇ ಇಲ್ಲ. ಅಲ್ಲಿ ಪ್ಯಾಂಟೊಗ್ರಾಫಿನ (ಮೇಲಿನ ತಂತಿಯಿಂದ ಕರೆಂಟು ಎಳೆಯುವ ಛಾವಣಿಯ ಚೌಕಟ್ಟಿನ) ಕಾರ್ಬನ್ ಪಟ್ಟಿ ತಂತಿಗೆ ಉಜ್ಜಿ ಉದುರಿದ ಬೂದುಗಪ್ಪು ಪುಡಿ, ಅದೂ ಪ್ಯಾಂಟೊಗ್ರಾಫಿನ ಆಸುಪಾಸು ಮಾತ್ರ.

ಧೂಳು ಕೆಳಗಿನಿಂದ ಮೇಲಕ್ಕೆ ಹತ್ತುತ್ತದೆ: ಗಾಲಿಚೌಕಟ್ಟು, ಇಂಧನದ ಟ್ಯಾಂಕು, ಮೆಟ್ಟಿಲು. ಬೆಂಗಳೂರಿನ ಸುತ್ತಮುತ್ತ ಓಡುವ ಎಂಜಿನ್ನಿಗೆ ಕೆಮ್ಮಣ್ಣಿನ ಛಾಯೆ ಇರಲಿ. ಹೊಸಪೇಟೆ, ತೋರಣಗಲ್ಲು ಕಡೆ ಅದಿರು ಎಳೆಯುವುದಾದರೆ ಇನ್ನೂ ಗಾಢ ಕೆಂಪು, ಅದು ಮೈಮೇಲೂ ಬರುತ್ತದೆ. ಬೀಡುಕಬ್ಬಿಣದ ಬ್ರೇಕ್ ಬ್ಲಾಕ್ ಇದ್ದ ಕಾಲದ ಗಾಡಿಯಾದರೆ ಗಾಲಿಯ ಬದಿಗೆ ತುಕ್ಕುಗಂದು ಪುಡಿ. ಕಾಂಪೋಸಿಟ್ ಬ್ಲಾಕ್ ಆದರೆ ಗಾಢ ಬೂದು. ಪದರ ಮಾತ್ರ ತೆಳುವಾಗಿರಲಿ. 1 ಮಿಮೀ ದಪ್ಪ ಪುಡಿ ಅಂದರೆ ನಿಜದ ಎಂಜಿನ್ ಮೇಲೆ 87 ಮಿಮೀ ಮಣ್ಣು.

ತುಕ್ಕಿನ ವಿಷಯದಲ್ಲಿ ಎಲ್ಲರ ಕೈಯೂ ಉದಾರ. ಓಡುವ ಎಂಜಿನ್ನಿಗೆ ಮೈತುಂಬ ತುಕ್ಕು ಇರುವುದಿಲ್ಲ. ಡಬ್ಬಿ ಜೋಡಿಸುವ, ಬಣ್ಣ ಬಳಿಯದ ಕಪ್ಲರ್ ಮೇಲೆ, ಬ್ರೇಕಿನ ಸಲಾಕೆಗಳ ಮೇಲೆ, ಬಣ್ಣ ಚಕ್ಕೆ ಎದ್ದ ಅಂಚಿನಲ್ಲಿ ಇಷ್ಟಿಷ್ಟು. ಗಾಲಿ ಹಳಿಗೆ ತಾಗುವ ಭಾಗವಂತೂ ಸದಾ ಬೆಳ್ಳಗೆ ಹೊಳೆಯಬೇಕು. ಅಂದಹಾಗೆ ತುಕ್ಕಿನ ಜಾಗದಲ್ಲಿ 'ಕಿಲುಬು' ಎಂದು ಬರೆಯಬೇಡಿ. ಕಿಲುಬು ತಾಮ್ರ, ಹಿತ್ತಾಳೆಯದ್ದು, ಹಸಿರು. ಹಬೆ ಎಂಜಿನ್ನಿನ ಹಿತ್ತಾಳೆ ಕೊಳವೆ ಮಾಡುವಾಗ ಆ ಪದ ಬೇಕಾದೀತು.

ಕೊನೆಯದು ಜಿಡ್ಡು. ಎಂಜಿನ್ನಿನ ತುದಿಯಲ್ಲಿ ಗುದ್ದು ತಾಳುವ ಬಫರಿನ ಮುಖದ ನಡುವೆ, ಅಚ್ಚಿನ ಪೆಟ್ಟಿಗೆಯ ಬಳಿ, ಡೀಸೆಲ್ ತುಂಬುವ ಬಾಯಿಯ ಕೆಳಗೆ ಇಳಿದ ಗೆರೆಯಾಗಿ. ಕಪ್ಪು ಮತ್ತು ಕಡುಗಂದು ಆಯಿಲ್ ಕಲರ್ ಜೊತೆ ಹೊಳಪಿನ ವಾರ್ನಿಶ್ ಒಂದು ಹನಿ. ಮಿಕ್ಕ ಕೊಳೆಯೆಲ್ಲ ಮಂಕು, ಜಿಡ್ಡೊಂದೇ ಮಿರುಗುವುದು. ಆದ್ದರಿಂದ ಮಂಕು ವಾರ್ನಿಶ್ ಹೊಡೆದಾದ ಮೇಲೆಯೇ ಜಿಡ್ಡು ಹಚ್ಚಬೇಕು. ಮೊದಲೇ ಹಚ್ಚಿದರೆ ವಾರ್ನಿಶ್ ಅದರ ಹೊಳಪನ್ನು ನುಂಗಿ, ಜಿಡ್ಡು ಹೋಗಿ ಬರೀ ಕಲೆ ಉಳಿಯುತ್ತದೆ.

ಉತ್ತರ (ಬಸವನಗುಡಿಯಿಂದ)

'ಮಾಸಲು' ಒಪ್ಪಿಗೆ. ವಾಶ್‌ಗೆ 'ತೊಳೆತ' ಎಂದರೆ ಮಕ್ಕಳು ನಲ್ಲಿ ಕೆಳಗೆ ಹಿಡಿದಾರು! ಇದಕ್ಕೆ 'ಬಗ್ಗಡ' ಅನ್ನಬಹುದಲ್ಲ? ತೆಳುನೀರಿನಲ್ಲಿ ಕದಡಿದ ಬಣ್ಣ, ನಿಂತ ಕಡೆ ತಳಕ್ಕೆ ಗಸಿ ಕೂರುವುದು. ವಾಶ್ ಮಾಡುವುದೂ ಅದನ್ನೇ: ಉಬ್ಬಿನಿಂದ ಇಳಿದು ಸಂದಿನಲ್ಲಿ, ರಿವೆಟ್ಟಿನ ಬುಡದಲ್ಲಿ, ಗಾಳಿಜಾಲರಿಯ ಸೀಳಿನಲ್ಲಿ ಗಸಿ ಬಿಡುವುದು. ಅಕ್ರಿಲಿಕ್ ಬಣ್ಣ 1 ಪಾಲಿಗೆ ನೀರು 8ರಿಂದ 10 ಪಾಲು. ಪಾತ್ರೆ ತೊಳೆಯುವ ದ್ರವವನ್ನು ಕಡ್ಡಿಯ ತುದಿಯಲ್ಲಿ ಅದ್ದಿ ಕಲಕಿದರೆ ಹನಿಗಟ್ಟದೆ ಹರಿಯುತ್ತದೆ. ಮೈಗೆಲ್ಲ ಹಚ್ಚುವುದು ಬಗ್ಗಡ, ಸಣ್ಣ ಕುಂಚದಲ್ಲಿ ಸಂದಿಗಷ್ಟೇ ಮುಟ್ಟಿಸುವುದು 'ಸಂದುಬಗ್ಗಡ'.

ಡ್ರೈಬ್ರಶ್‌ಗೆ 'ಒಣಕುಂಚ' ಸಾಕು, ವಿವರಣೆ ಮಾತ್ರ ಜೊತೆಗಿರಲಿ. ಕುಂಚ ಒಣಗಿರುವುದಿಲ್ಲ, ಬಣ್ಣ ಅದ್ದಿ ಕಾಗದದ ಮೇಲೆ ಗುರುತು ಬೀಳದಷ್ಟು ಒರೆಸಿರುತ್ತದೆ. ಚಪ್ಪಟೆ ಕುಂಚವನ್ನು ಅಂಚುಗಳ ಮೇಲೆ ಅಡ್ಡಡ್ಡ ಆಡಿಸಿದರೆ ಉಬ್ಬುಗಳು ಮಾತ್ರ ಬಣ್ಣ ಹಿಡಿಯುತ್ತವೆ. ಅಂದರೆ ಬಗ್ಗಡ ತಗ್ಗಿಗೆ, ಒಣಕುಂಚ ಉಬ್ಬಿಗೆ.

ಪುಡಿಗೆ ವಿದೇಶದ ಡಬ್ಬಿಯೇ ಆಗಬೇಕೆಂದಿಲ್ಲ. ಹಳೇ ಬೆಂಗಳೂರಿನ ಮನೆಗಳ ಕೆಂಪು ನೆಲಕ್ಕೆ ಹಾಕುತ್ತಿದ್ದ ರೆಡ್ ಆಕ್ಸೈಡ್ ಹಾರ್ಡ್‌ವೇರ್ ಅಂಗಡಿಯಲ್ಲಿ ಈಗಲೂ ಸಿಗುತ್ತದೆ, ಹಳದಿ ಮತ್ತು ಕಪ್ಪು ಆಕ್ಸೈಡ್ ಕೂಡ. ಕೆಂಪು, ಹಳದಿ ಬೆರೆಸಿದರೆ ಕೆಮ್ಮಣ್ಣಿನ ಎಲ್ಲ ಛಾಯೆಯೂ ಬರುತ್ತದೆ. ಎಚ್ಚರ ಕಪ್ಪಿನದ್ದು: ಕಪ್ಪು ಐರನ್ ಆಕ್ಸೈಡ್ ಅಯಸ್ಕಾಂತಕ್ಕೆ ಅಂಟುತ್ತದೆ, ಮಾಡೆಲ್ಲಿನ ಒಳಗಿರುವ ಮೋಟರಿನಲ್ಲೂ ಸದ್ದಿನ ಸ್ಪೀಕರಿನಲ್ಲೂ ಅಯಸ್ಕಾಂತ ಇದೆ. ಸ್ಟೀಲ್ ಉಲ್ ಉಜ್ಜಿ ತಯಾರಿಸುವ 'ನಿಜ ತುಕ್ಕು' ಇನ್ನೂ ಕೆಟ್ಟದ್ದು. ಮಸಿಗೆ ಇದ್ದಿಲಿನ ಪುಡಿಯೋ ಕಪ್ಪು ಚಾಕ್ ಪೇಸ್ಟಲ್ಲೋ ಸಾಕು. ಏನೇ ಆದರೂ ಮೇಲ್ಮೈ ಕವಚವನ್ನು ಬಿಚ್ಚಿ, ಮೋಟರಿನಿಂದ ದೂರ ಇಟ್ಟುಕೊಂಡು ಪುಡಿ ಹಚ್ಚಿ.

ಮರುಪ್ರಶ್ನೆ (ಮಲ್ಲೇಶ್ವರದಿಂದ)

ಇಬ್ಬರಿಗೂ ಧನ್ಯವಾದ. ತಿದ್ದಿದ ವಾಕ್ಯ: "ಮಾಸಲು ಕೆಲಸಕ್ಕೆ ಮೊದಲು ಬಿಡಿಭಾಗ ಕೂರಿಸಿ. ಗಾಲಿಚೌಕಟ್ಟಿಗೆ ಕಂದು ಬಗ್ಗಡ ಹಾಯಿಸಿ. ಒಣಗಿದ ಮೇಲೆ ಅಂಚುಗಳಿಗೆ ಒಣಕುಂಚ ಆಡಿಸಿ." ಈಗ ಓದಿಸಿದರೆ ತಿಳಿಯುತ್ತಿದೆ. ಎರಡು ಉಳಿದಿವೆ. 'ಏನು ಕೆಡುತ್ತದೆ' ಎಂಬ ಪುಟಕ್ಕೆ ದೋಷಗಳ ಹೆಸರು ಬೇಕು: ಬಗ್ಗಡ ಒಣಗಿದಾಗ ಉಂಗುರದಂತೆ ಉಳಿಯುವ ಅಂಚು, ವಾರ್ನಿಶ್ ಹೊಡೆದೊಡನೆ ಮಾಯವಾಗುವ ಪುಡಿ, ಮೇಲೆ ಕಾಣಿಸಿಕೊಳ್ಳುವ ಬಿಳಿ ಮಬ್ಬು. ಇನ್ನೊಂದು ಡೀಟೇಲಿಂಗ್. 'ಬಿಡಿಭಾಗ ಕೂರಿಸುವುದು' ಸಪ್ಪೆ ಅನಿಸುತ್ತಿದೆ.

ಉತ್ತರ (ಯಲಹಂಕದಿಂದ)

ಡೀಟೇಲಿಂಗ್‌ಗೆ 'ಕುಸುರಿ' ಅನ್ನಿ. ಅಲಂಕಾರದ ವಾಸನೆ ಇದೆ ಎಂದು ಆಕ್ಷೇಪ ಬರಬಹುದು, ಆದರೆ 0.3 ಮಿಮೀ ತಂತಿ ಬಗ್ಗಿಸಿ ಕೂರಿಸುವ ಕೆಲಸಕ್ಕೆ ಇದಕ್ಕಿಂತ ಒಪ್ಪುವ ಪದ ನನಗೆ ತೋಚುತ್ತಿಲ್ಲ. 'ವಿವರೀಕರಣ' ಮಾತಿನಲ್ಲಿ ಮಾಡುವುದು, ಕೈಯಲ್ಲಲ್ಲ.

ಅಳತೆ ಹೇಗೆ ಬಂತೆಂದು ಕೈಪಿಡಿಯಲ್ಲಿ ತೋರಿಸಿ. ನಿಜದ ಹಿಡಿಕಂಬಿ 25 ಮಿಮೀ ದಪ್ಪವಿದ್ದರೆ 87ರಿಂದ ಭಾಗಿಸಿ 0.29 ಮಿಮೀ. ಪ್ಲಾಸ್ಟಿಕ್ಕಿನಲ್ಲಿ ಅಚ್ಚುಹಾಕಿದ ಕಂಬಿ ಇದಕ್ಕಿಂತ ದಪ್ಪ, ಅದಕ್ಕೇ ಆಟಿಕೆಯಂತೆ ಕಾಣುವುದು. ಅದನ್ನು ಚೂಪು ಬ್ಲೇಡಿನಲ್ಲಿ ಕೆತ್ತಿ ತೆಗೆದು, ಸೂಜಿಯಿಂದ ಚುಕ್ಕಿ ಕೊರೆದು, ಪಿನ್ ವೈಸಿನಲ್ಲಿ (ಬೆರಳಲ್ಲಿ ತಿರುಗಿಸುವ ಪುಟ್ಟ ಕೈಡ್ರಿಲ್) 0.35 ಮಿಮೀ ಬಿಟ್ ಹಾಕಿ ತೂತು ಮಾಡಿ. ಸೂಜಿಚುಕ್ಕಿ ಇಲ್ಲದಿದ್ದರೆ ಬಿಟ್ ಜಾರಿ ಬಣ್ಣ ಗೀರುತ್ತದೆ, ಒತ್ತಿದರೆ ಮುರಿಯುತ್ತದೆ. 0.3 ಮಿಮೀ ಹಿತ್ತಾಳೆ ತಂತಿ ಸಾಕು. ಗಿಟಾರಿನ ಅತಿ ತೆಳು ತಂತಿ 0.25 ಮಿಮೀ ಆಸುಪಾಸು ಇರುತ್ತದೆ, ಬಗ್ಗಿಸಿದ್ದು ಸೊಟ್ಟಗಾಗದು, ಆದರೆ ಉಕ್ಕಾದ್ದರಿಂದ ಬಗ್ಗಿಸುವುದೇ ಕಷ್ಟ. ಕಂಬಿಗೂ ಮೈಗೂ ನಡುವೆ 1 ಮಿಮೀ ರಟ್ಟು ಇಟ್ಟು ಕೂರಿಸಿದರೆ ಎಲ್ಲವೂ ಒಂದೇ ಅಂತರದಲ್ಲಿ ನಿಲ್ಲುತ್ತವೆ. ಸೂಪರ್ ಗ್ಲೂ ಕವಚದ ಒಳಗಡೆಯಿಂದ ಹಚ್ಚಿ. ಕಿಟಕಿಯ ಹತ್ತಿರ ಅದನ್ನು ತರಲೇಬೇಡಿ, ಅದರ ಆವಿ ಗಾಜಿನ ಮೇಲೆ ಬಿಳಿ ಮಂಜಾಗಿ ಕೂರುತ್ತದೆ. ಕಿಟಕಿಗೆ ಫೆವಿಕಾಲ್, ಒಣಗಿದ ಮೇಲೆ ಕಾಣುವುದಿಲ್ಲ. ತುದಿಯಲ್ಲಿ ಜೋತುಬಿದ್ದ ಗಾಳಿಕೊಳವೆಗಳಲ್ಲಿ ಬ್ರೇಕ್ ಪೈಪಿನ ತಲೆ ಹಸಿರು, ಫೀಡ್ ಪೈಪಿನದು ಬಿಳಿ. ಇಷ್ಟು ಸಣ್ಣದನ್ನು ಅದಲುಬದಲು ಮಾಡಿದರೂ ತಿಳಿದವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ದೋಷಗಳು. ಉಂಗುರಕ್ಕೆ 'ಕರೆಗಟ್ಟುವುದು' ಎಂಬ ಮಾತಿದೆ. ಮಂಕು ಮೈಮೇಲೆ ಬಗ್ಗಡ ಹರಿಯದೆ ನಿಂತು ಅಂಚಿನಲ್ಲಿ ಒಣಗುವುದರಿಂದ ಆಗುವುದು. ಮೊದಲು ಹೊಳಪಿನ ವಾರ್ನಿಶ್ ಒಂದು ಪದರ ಕೊಟ್ಟು ಪೂರ್ತಿ ಒಣಗಿಸಿ, ಆಮೇಲೆ ಸಂದುಬಗ್ಗಡ. ಅಕ್ರಿಲಿಕ್ ಬೇಗ ಒಣಗಿ ತಿದ್ದಲು ಬಿಡದು. ಆಯಿಲ್ ಕಲರನ್ನು ಟರ್ಪಂಟೈನಿನಲ್ಲಿ ತೆಳು ಮಾಡಿದ ಬಗ್ಗಡವಾದರೆ ಗಂಟೆ ಕಳೆದರೂ ಟರ್ಪಂಟೈನ್ ತಾಗಿಸಿದ ಕುಂಚದಿಂದ ಮೇಲಿಂದ ಕೆಳಕ್ಕೆ ಎಳೆಯಬಹುದು. ಮಳೆನೀರು ಇಳಿದ ಗೆರೆ ಬರುವುದೂ ಹೀಗೆಯೇ.

ಪುಡಿ ಮಾಯವಾಗುವುದಕ್ಕೆ 'ಪುಡಿ ಅಡಗುವುದು' ಎನ್ನಿ, ಯಾಕೆಂದರೆ ಅದು ಹೋಗಿರುವುದಿಲ್ಲ. ಒದ್ದೆ ವಾರ್ನಿಶ್ ಕಣಗಳ ನಡುವಿನ ಗಾಳಿಯ ಜಾಗ ತುಂಬಿ ತಿಳಿಬಣ್ಣವನ್ನು ಪಾರದರ್ಶಕ ಮಾಡಿಬಿಡುತ್ತದೆ. ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಪುಡಿ ಹಚ್ಚಿ, 25-30 ಸೆಂಮೀ ದೂರದಿಂದ ಎರಡು ಮೂರು ಸಲ ತುಂತುರು ಮಾತ್ರ ಹೊಡೆಯಿರಿ. ಕೈ ತಾಗದ ಗಾಲಿಚೌಕಟ್ಟಿನ ಕೊನೆಯ ಧೂಳಿಗೆ ವಾರ್ನಿಶ್ ಬೇಡವೇ ಬೇಡ.

ಬಿಳಿ ಮಬ್ಬಿಗೆ ಎರಡು ಕಾರಣ, ಹೆಸರೂ ಎರಡಿರಲಿ. ಒಂದು 'ತೇವದ ಮಬ್ಬು'. ಮಳೆಗಾಲದ ಸಂಜೆ ಲ್ಯಾಕರ್ ಸ್ಪ್ರೇ ಹೊಡೆದರೆ ದ್ರಾವಕ ಆರುವ ಭರಕ್ಕೆ ಮೈ ತಣ್ಣಗಾಗಿ ಗಾಳಿಯ ತೇವ ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಬಿಸಿಲು ಬಿದ್ದ ಮಧ್ಯಾಹ್ನ ನೋಡಿಕೊಂಡು ಹೊಡೆಯಿರಿ. ಇನ್ನೊಂದು 'ಸ್ಪಿರಿಟ್ ಮಬ್ಬು': ಲ್ಯಾಕರ್ ಮಂಕು ವಾರ್ನಿಶ್ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಮುಟ್ಟಿಸಿದಾಗ ಬರುವುದು. ಅದೇ ವಾರ್ನಿಶ್ ಇನ್ನೊಂದು ತೆಳು ಪದರ ಹೊಡೆದರೆ ಹೋಗುತ್ತದೆ. ಬಣ್ಣ ಬಿಳಚಿದಂತೆ ತೋರಿಸಲು ಇದನ್ನು ಬೇಕೆಂದೇ ಮಾಡುವವರೂ ಇದ್ದಾರೆ. ಕಂಪನಿಯ ಬಣ್ಣದ ಮೇಲೆ ನೇರವಾಗಿ ಸ್ಪಿರಿಟ್ ತಿಕ್ಕಿದರೆ ಮಾತ್ರ ಎಂಜಿನ್ನಿನ ನಂಬರೇ ಅಳಿಸಿ ಬಂದೀತು.

ಗಾಲಿಗೆ ಬಣ್ಣ ಹಾಯಿಸುವಾಗ ಎಂಜಿನ್ನನ್ನು ಸ್ಪಂಜಿನ ಮೇಲೆ ಅಂಗಾತ ಮಲಗಿಸಿ, ತಂತಿಯಿಂದ ಕರೆಂಟು ಕೊಟ್ಟು ಗಾಲಿ ನಿಧಾನಕ್ಕೆ ತಿರುಗುತ್ತಿರಲಿ. ನಿಂತ ಗಾಲಿಗೆ ಹೊಡೆದರೆ ಬ್ರೇಕ್ ಬ್ಲಾಕಿನ ಮರೆಯಲ್ಲಿದ್ದಷ್ಟು ಭಾಗ ಹೊಳೆಯುತ್ತ ಉಳಿದು, ಓಡುವಾಗ ಮಿಣುಕುತ್ತದೆ. ಮುಗಿದ ಕೂಡಲೇ ಗಾಲಿಯ ಓಟದ ಮೈಯನ್ನೂ, ಕರೆಂಟು ಎಳೆಯುವ ಪಟ್ಟಿಗಳನ್ನೂ ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿ. ಬಣ್ಣ ಅಲ್ಲಿ ಒಣಗಿದರೆ ಎಂಜಿನ್ ಹಳಿ ಕವಲೊಡೆಯುವ ಪಾಯಿಂಟಿನ ಮೇಲೆ ಬಂದಾಗಲೆಲ್ಲ ಮುಗ್ಗರಿಸುತ್ತದೆ, ಹುಡುಗರು ಮೋಟರನ್ನು ಬಯ್ಯುತ್ತಾರೆ.