ಕ್ಲಾರೆಂಡನ್ ಬೋಲ್ಡ್ ಪುಟ ತುಂಬಾ ಹಾಕಬಹುದಾ?

ಪ್ರಶ್ನೆ:
ಅಜ್ಜಿಯ ಅಡುಗೆಗಳನ್ನು ಇಂಗ್ಲಿಷ್‌ನಲ್ಲಿ ಪುಟ್ಟ ಪುಸ್ತಕ ಮಾಡುತ್ತಿದ್ದೇನೆ, ಹೊರದೇಶದಲ್ಲಿ ಬೆಳೆದ ಮೊಮ್ಮಕ್ಕಳಿಗಾಗಿ. ಅಡುಗೆಯ ಹೆಸರುಗಳಿಗೆ ಕ್ಲಾರೆಂಡನ್ ಬೋಲ್ಡ್ ಅನ್ನುವ ದಪ್ಪ ಇಂಗ್ಲಿಷ್ ಫಾಂಟ್ ತುಂಬಾ ಚೆಂದ. ಪೂರ್ತಿ ಪುಟಕ್ಕೆ ಹಾಕಿದರೆ ಮಸಿ ಚೆಲ್ಲಿದ ಹಾಗೆ ಕಾಣುತ್ತದೆ. ಏನು ಮಾಡಲಿ?

ಉತ್ತರ 1:
ಹನ್ನೆರಡು ವರ್ಷ ಅಚ್ಚುಮೊಳೆ ಜೋಡಿಸಿದವನು ನಾನು. ಈ ಅಕ್ಷರ ಅಂದರೆ ನನಗೆ ಪ್ರಾಣ. 1845ರಲ್ಲಿ ಲಂಡನ್ನಿನ ಫ್ಯಾನ್ ಸ್ಟ್ರೀಟ್ ಫೌಂಡ್ರಿಯಿಂದ (ಅಚ್ಚುಮೊಳೆ ಎರಕದ ಕಾರ್ಖಾನೆ) ರಾಬರ್ಟ್ ಬೆಸ್ಲಿ ಇದನ್ನು ಹೊರತಂದರು. ಕೊರೆದವರು ಬೆಂಜಮಿನ್ ಫಾಕ್ಸ್. ನಿಘಂಟಿನಲ್ಲಿ ಪದ ದಪ್ಪಗೆ, ಅರ್ಥ ತೆಳ್ಳಗೆ ಇರುತ್ತದೆ ಅಲ್ವಾ? ಅಂಥ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಯಾರೂ ನಕಲು ಮಾಡದಂತೆ ವಿನ್ಯಾಸವನ್ನು ನೋಂದಣಿ ಮಾಡಿಸಿದ್ದರು, ಆ ರಕ್ಷಣೆ ಮೂರೇ ವರ್ಷ ಇತ್ತು, ಆಮೇಲೆ ಉಳಿದ ಫೌಂಡ್ರಿಗಳೂ ನಕಲು ಮಾಡಿದವು.

ದೊಡ್ಡದು ಮಾಡಿ ನೋಡಿ. ಸೆರಿಫ್ (ಅಕ್ಷರದ ತುದಿಯ ಚಿಕ್ಕ ಅಡ್ಡಗೆರೆ) ದಪ್ಪ, ಆದರೆ ಅಕ್ಷರದ ನೆಟ್ಟಗಿನ ಕಂಬಕ್ಕೆ ಸೇರುವ ಕಡೆ ಮೆಲ್ಲಗೆ ಬಾಗುತ್ತದೆ. ಸಣ್ಣ 'ಎ', 'ಆರ್' ತುದಿಯಲ್ಲಿ ಗುಂಡು. ದೊಡ್ಡ 'ಆರ್' ಕಾಲು ಬಾಲದ ಹಾಗೆ ಮೇಲೆ ಸುರುಳಿ. ಅದಕ್ಕೇ ಇಷ್ಟು ಭಾರವಿದ್ದರೂ ಒರಟು ಅನಿಸುವುದಿಲ್ಲ. ಹೆಸರುಗಳಿಗೆ ಮಾತ್ರ ಇಡಿ, ವಿಧಾನಕ್ಕೆ ಅಷ್ಟು ದಪ್ಪವಿಲ್ಲದ ಸಾದಾ ಸೆರಿಫ್ ಫಾಂಟ್ ಹಾಕಿ.

ಉತ್ತರ 2:
ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಕಂದು ರಸ್ತೆಫಲಕಗಳಲ್ಲಿ ಈ ಅಕ್ಷರವನ್ನು ಬಿಳಿ ಬಣ್ಣದಲ್ಲಿ ನೋಡಿದ್ದೇನೆ. ಓಡುವ ಕಾರಿನಿಂದಲೂ ಓದಬಹುದು. ನೀವು ಅಕ್ಷರಗಳ ನಡುವೆ ಸ್ವಲ್ಪ ಜಾಸ್ತಿ ಜಾಗ ಬಿಡಿ.

ಪ್ರಶ್ನೆ ಕೇಳಿದವರು:
ಹೆಸರುಗಳನ್ನಷ್ಟೇ 16 ಪಾಯಿಂಟ್‌ನಲ್ಲಿ ಉಳಿಸಿಕೊಂಡೆ. 'ಹುರುಳಿ ಸಾರು' ಈಗ ಪುಟದ ತಲೆಯ ಮೇಲೆ ಗಟ್ಟಿಯಾಗಿ ಕೂತಿದೆ. ಅಜ್ಜಿಗೆ ಕನ್ನಡಕ ಇಲ್ಲದೆಯೂ ಕಾಣುತ್ತಿದೆ!