ಕ್ರಿಪ್ಟಿನ ತಳದಲ್ಲಿ ಮಾತ್ರ ನ್ಯೂಕ್ಲಿಯಸ್ ಕಂದು ಬಣ್ಣ. ಸ್ಟೇನ್ ಕೆಟ್ಟಿದೆಯಾ?

ಪ್ರಶ್ನೆ

ಇಲಿಯ ಸಣ್ಣ ಕರುಳಿನ ಸ್ಲೈಡಿಗೆ ಬೀಟಾ-ಕೆಟೆನಿನ್ ಪ್ರೋಟೀನಿಗೆ ಅಂಟುವ ಆ್ಯಂಟಿಬಾಡಿ ಹಾಕಿದ್ದೇನೆ; ಆ ಪ್ರೋಟೀನ್ ಇರುವಲ್ಲಿ ಕಂದು ಬಣ್ಣ ಬರಬೇಕು. ವಿಲ್ಲಸ್ (ಕರುಳಿನೊಳಗೆ ಬೆರಳಿನಂತೆ ಚಾಚಿದ ಭಾಗ) ಮೇಲಿನ ಕೋಶಗಳಲ್ಲಿ ಕಂದು ಬಣ್ಣ ಅಂಚಿನಲ್ಲಷ್ಟೇ ಇದೆ, ನ್ಯೂಕ್ಲಿಯಸ್ ನೀಲಿ. ಕ್ರಿಪ್ಟಿನ (ವಿಲ್ಲಸ್‌ಗಳ ಬುಡದಲ್ಲಿರುವ ಗುಳಿ) ತಳಕ್ಕೆ ಬಂದರೆ ನ್ಯೂಕ್ಲಿಯಸ್ಸೇ ಕಂದು. ಮೂರು ಸಲ ಮಾಡಿದೆ, ಮೂರು ಸಲವೂ ಹೀಗೇ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ 1

ತಪ್ಪಿಲ್ಲ. ಬೀಟಾ-ಕೆಟೆನಿನ್‌ಗೆ ಎರಡು ಕೆಲಸ. ಅಂಚಿನಲ್ಲಿ ಇ-ಕ್ಯಾಡ್ಹೆರಿನ್ ಅನ್ನೋ ಪ್ರೋಟೀನ್ ಜೊತೆ ಸೇರಿ ಪಕ್ಕದ ಕೋಶವನ್ನು ಹಿಡಿದುಕೊಳ್ಳುತ್ತದೆ. ಮಿಕ್ಕಿದ್ದನ್ನು ಎಪಿಸಿ ಇರುವ ಪ್ರೋಟೀನ್ ಗುಂಪು ನಾಶ ಮಾಡುತ್ತದೆ. ತಳದಲ್ಲಿ ವಿಂಟ್ ಸಂಕೇತ (ಪಕ್ಕದ ಕೋಶಗಳಿಂದ ಪ್ರೋಟೀನ್ ರೂಪದಲ್ಲಿ ಬರುವ ಸಂದೇಶ) ಜಾಸ್ತಿ. ಅಲ್ಲಿ ನಾಶ ನಿಂತು, ಬೀಟಾ-ಕೆಟೆನಿನ್ ನ್ಯೂಕ್ಲಿಯಸ್ ಒಳಗೆ ಸೇರಿ ಜೀನ್ ಚಾಲೂ ಮಾಡುತ್ತದೆ. ಅದೇ ಎರಡನೇ ಕೆಲಸ.

ಉತ್ತರ 2

ಹನ್ನೊಂದು ವರ್ಷದಿಂದ ಕರುಳಿನ ಸ್ಲೈಡ್ ನೋಡುತ್ತಿದ್ದೇನೆ. ಈ ನೋಟ ನನಗೆ ಇವತ್ತಿಗೂ ಹಳೆಯದಾಗಿಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ನ್ಯೂಕ್ಲಿಯಸ್ ಒಳಗೆ ಟಿಸಿಎಫ್-4 ಅನ್ನೋ ಪ್ರೋಟೀನ್ ಡಿಎನ್‌ಎ ಮೇಲೆ ಕೂರುತ್ತದೆ. ಒಂಟಿಯಾಗಿ ಅದರಿಂದ ಹೆಚ್ಚೇನೂ ಆಗದು. ಜೊತೆಗೆ ಗ್ರೌಚೋ ಅನ್ನೋ ಪ್ರೋಟೀನ್ ಇದ್ದರೆ ಜೀನ್ ಬಂದ್. ಬೀಟಾ-ಕೆಟೆನಿನ್ ಬಂದು, ಅದರ ಬೆನ್ನಿಗೆ ಬಿಸಿಎಲ್-9, ಪೈಗೋಪಸ್ ಪ್ರೋಟೀನ್‌ಗಳು ಸೇರಿಕೊಂಡರೆ ಅದೇ ಜೀನ್ ಚಾಲೂ. ಹಾಗಾಗಿ ಯಾರು ಯಾರ ಜೊತೆ ಕೂತಿದ್ದಾರೆ ಅನ್ನೋದನ್ನೇ ನೋಡಬೇಕು.

1998ರಲ್ಲಿ ಟಿಸಿಎಫ್-4 ಜೀನ್ ತೆಗೆದ ಇಲಿಮರಿಗಳ ವರದಿ ಬಂತು. ಮರಿಗಳು ಹುಟ್ಟಿ ಸ್ವಲ್ಪದರಲ್ಲೇ ಸತ್ತವು. ಅವುಗಳ ಸಣ್ಣ ಕರುಳಿನಲ್ಲಿ ವಿಲ್ಲಸ್ ಇತ್ತು, ಬಲಿತ ಕೋಶಗಳೂ ಇದ್ದವು. ವಿಲ್ಲಸ್‌ಗಳ ನಡುವೆ ವಿಭಜನೆಯಾಗುವ ಕೋಶಗಳೇ ಇರಲಿಲ್ಲ. ಕರುಳಿನ ಒಳಪದರ 3ರಿಂದ 5 ದಿನಕ್ಕೊಮ್ಮೆ ಹೊಸದಾಗಬೇಕು. ಹೊಸ ಕೋಶ ಕೊಡುವ ಜಾಗವೇ ಇಲ್ಲದಿದ್ದರೆ ಏನು ಗತಿ, ಯೋಚಿಸಿ.

ಒಂದು ಎಚ್ಚರಿಕೆ. ಕಂದಾದ ನ್ಯೂಕ್ಲಿಯಸ್ಸನ್ನೆಲ್ಲ ಕಾಂಡಕೋಶ (ವಿಭಜನೆಯಾಗಿ ಹೊಸ ಕೋಶ ಕೊಡುವ ಮೂಲ ಕೋಶ) ಅಂತ ಎಣಿಸಬೇಡಿ. ಅದೇ ತಳದಲ್ಲಿ ಪ್ಯಾನೆತ್ ಕೋಶಗಳೂ ಇವೆ. ಅವು ವಿಭಜನೆಯಾಗುವುದಿಲ್ಲ, ಆದರೂ ನ್ಯೂಕ್ಲಿಯಸ್ ಕಂದೇ. ಬಲಿಯಲು ಅವಕ್ಕೂ ವಿಂಟ್ ಬೇಕು. ದಪ್ಪ ಕಾಳುಗಳು ತುಂಬಿದ ಅಗಲ ಕೋಶ ಕಂಡರೆ ಅದು ಪ್ಯಾನೆತ್. ಎರಡು ಪ್ಯಾನೆತ್ ಕೋಶಗಳ ನಡುವೆ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡ ಸಣಕಲು ಕೋಶ ಕಾಂಡಕೋಶ. ಶುರುವಿನಲ್ಲಿ ನಾನೂ ಎರಡನ್ನೂ ಸೇರಿಸಿ ಎಣಿಸಿ, ವಾರಗಟ್ಟಲೆ ಕೆಲಸ ಮತ್ತೆ ಮಾಡಿದ್ದೇನೆ.

ಪ್ರಶ್ನೆ ಕೇಳಿದವರು

ಈಗಷ್ಟೇ ಹೈ ಪವರ್‌ನಲ್ಲಿ ನೋಡಿದೆ. ಕಾಳುಗಳು ಕಾಣುತ್ತಿವೆ, ನಡುವೆ ಸಣ್ಣವೂ ಇವೆ! ತುಂಬಾ ಥ್ಯಾಂಕ್ಸ್ ಸರ್. ಮೇಲೆ ಹೋಗುವ ಕೋಶದಲ್ಲಿ ಈ ವಿಂಟ್ ಸಂಕೇತ ಹೇಗೆ ನಿಂತುಹೋಗುತ್ತದೆ?

ಉತ್ತರ 2

ಸಂಕೇತ ಹೊರುವ ವಿಂಟ್-3 ಪ್ರೋಟೀನ್ ಕೊಡುವುದು ಪಕ್ಕದ ಪ್ಯಾನೆತ್ ಕೋಶ. ಅದು ದೂರ ಹರಡುವುದಿಲ್ಲ, ಕಾಂಡಕೋಶದ ಪೊರೆಗೆ ಅಂಟಿಕೊಳ್ಳುತ್ತದೆ. ಕೋಶ ಇಬ್ಭಾಗವಾದಾಗಲೆಲ್ಲ ಅದೂ ಹಂಚಿಹೋಗುತ್ತದೆ. ಮೇಲೇರುತ್ತಾ ಖಾಲಿಯಾಗುತ್ತದೆ, ನ್ಯೂಕ್ಲಿಯಸ್ ನೀಲಿಯಾಗುತ್ತದೆ. ಆಮೇಲೆ ಹೀರುವ ಕೋಶಗಳಲ್ಲಿ ಎಚ್‌ಎನ್‌ಎಫ್-4 ಥರದ ಬೇರೆ ಪ್ರೋಟೀನ್‌ಗಳು ಮುಂದೆ ಬರುತ್ತವೆ.

ಸಾಧ್ಯವಾದರೆ ಎಪಿಸಿ ಜೀನ್ ಕೆಟ್ಟ ಇಲಿಯ ಗಡ್ಡೆಯ ಸ್ಲೈಡನ್ನೂ ಪಕ್ಕದಲ್ಲಿಟ್ಟು ಸ್ಟೇನ್ ಮಾಡಿ. ಅಲ್ಲಿ ತಳ ಬಿಟ್ಟು ಎಷ್ಟೋ ಮೇಲಿರುವ ನ್ಯೂಕ್ಲಿಯಸ್‌ಗಳೂ ಕಂದಾಗಿರುತ್ತವೆ.