ಆಗಸ್ಟ್‌ನಲ್ಲಿ ಟೂರ್ನಮೆಂಟಾ, ಸುಮ್ನೆ ಸ್ಕ್ರಿಮೇಜಾ? (ಯು-11 ಹುಡುಗಿಯರು)

ಪ್ರಶ್ನೆ: ಫ್ರಿಸ್ಕೋ ಅಮ್ಮ

ಎಲ್ಲರಿಗೂ ನಮಸ್ಕಾರ. ಡಲ್ಲಾಸ್ ಕಡೆಯ ಸಾಕರ್ ಅಪ್ಪ ಅಮ್ಮಂದಿರು ಇಲ್ಲಿ ತುಂಬಾ ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ನನ್ನ ಮಗಳು 2016ರ ಮಾರ್ಚ್‌ನಲ್ಲಿ ಹುಟ್ಟಿದವಳು. ಈ ಸೀಸನ್ ಯು-11, ಅಂದರೆ 11ರೊಳಗಿನವರ ಗುಂಪು. ವಯಸ್ಸಿನ ಲೆಕ್ಕ ಈ ಸಲ ಬದಲಾಗಿದೆ ಅಲ್ವಾ, ಜನವರಿಯಿಂದ ಡಿಸೆಂಬರ್ ಅಂತ ಇದ್ದದ್ದು 2026–27ರಿಂದ ಆಗಸ್ಟ್ 1ರಿಂದ ಜುಲೈ 31 ಆಯಿತು. ಅದರಿಂದ ನಮ್ಮ ತಂಡ ಒಡೆದು ಹೋಯಿತು. 2016ರ ಕೊನೆಯಲ್ಲಿ ಹುಟ್ಟಿದ 4 ಮಕ್ಕಳು ಯು-10ರಲ್ಲೇ ಉಳಿದರು. 2015ರ ಕೊನೆಯಲ್ಲಿ ಹುಟ್ಟಿದ 6 ಮಕ್ಕಳು ಹೊಸದಾಗಿ ಬಂದರು. ಬಂದವರೆಲ್ಲ ಹೋದ ವರ್ಷವೇ ತಂಡಕ್ಕೆ 9 ಜನರ ಆಟ ಆಡಿದವರು. ನಮ್ಮ ಹಳೆಯ 8 ಮಕ್ಕಳು ಇಲ್ಲಿಯವರೆಗೆ ಆಡಿದ್ದು 7 ಜನರ ಆಟ ಮಾತ್ರ.

ಈಗ ಅರ್ಧ ಪೋಷಕರು ಆಗಸ್ಟ್ ಮೂರನೇ ವಾರ ಹ್ಯೂಸ್ಟನ್‌ನಲ್ಲಿ ಒಂದು ಟೂರ್ನಮೆಂಟ್‌ಗೆ ಹೋಗೋಣ ಅನ್ನುತ್ತಿದ್ದಾರೆ. ಶುಲ್ಕ 900 ಡಾಲರ್, 14 ಮಕ್ಕಳಿಗೆ ಹಂಚಿದರೆ ತಲೆಗೆ 64ರ ಹತ್ತಿರ. ಅದರ ಮೇಲೆ ಅವರು ಹೇಳಿದ ಹೋಟೆಲಿನಲ್ಲೇ ಎರಡು ರಾತ್ರಿ ಉಳಿಯಬೇಕು. ಇಲ್ಲಿಂದ 4 ಗಂಟೆಗೂ ಜಾಸ್ತಿ ಡ್ರೈವ್. ಇನ್ನರ್ಧ ಜನ, ಇಲ್ಲೇ ಅಕ್ಕಪಕ್ಕದ ತಂಡಗಳ ಜೊತೆ ಎರಡು ಮೂರು ಸ್ಕ್ರಿಮೇಜ್ (ಲೆಕ್ಕಕ್ಕಿಲ್ಲದ ಅಭ್ಯಾಸದ ಮ್ಯಾಚ್) ಸಾಕು ಅನ್ನುತ್ತಾರೆ. ಕೋಚ್ ಎರಡಕ್ಕೂ ಸರಿ ಎಂದಿದ್ದಾರೆ. ಈ ವರ್ಷ ಟೀಮ್ ಮ್ಯಾನೇಜರ್ ನಾನೇ, ಶುಕ್ರವಾರದೊಳಗೆ ಹೇಳಬೇಕು.

ನನಗೆ ಹೆಚ್ಚು ಕಾಡುತ್ತಿರುವುದು ಮಗಳ ಮುಖ. ಹೊಸ ಹುಡುಗಿಯರು ಎತ್ತರ ಇದ್ದಾರೆ, ಜೋರಾಗಿ ಓಡುತ್ತಾರೆ. ಪ್ರಾಕ್ಟೀಸ್‌ನಲ್ಲಿ ಇವಳು ಬಾಲ್ ಬಂದ ಕೂಡಲೇ ಅವರಿಗೆ ಕೊಟ್ಟುಬಿಡುತ್ತಾಳೆ. ಮೊದಲು ಹಾಗಿರಲಿಲ್ಲ.

ಉತ್ತರ 1: ಅರ್ವಿಂಗ್ ಅಪ್ಪ

ಟೂರ್ನಮೆಂಟ್‌ಗೆ ಹೋಗಿ. ಹೊಸ ತಂಡ ಒಂದಾಗುವುದು ಹೋಟೆಲ್ ಕಾರಿಡಾರಿನಲ್ಲಿ. ನನ್ನ ಮಗನ ತಂಡದಲ್ಲಿ ಇಬ್ಬರು ಹೊಸಬರು ಬಂದಿದ್ದರು, ಒಂದು ತಿಂಗಳು ಪ್ರಾಕ್ಟೀಸ್‌ನಲ್ಲಿ ಯಾರೂ ಅವರನ್ನು ಮಾತಾಡಿಸಿರಲಿಲ್ಲ. ಒಂದೇ ರಾತ್ರಿ ಎಲ್ಲರೂ ಸೇರಿ ಪಿಜ್ಜಾ ತಿಂದು, ಈಜುಕೊಳದಲ್ಲಿ ಬಿದ್ದು ಎದ್ದು, ಬೆಳಿಗ್ಗೆ ಒಬ್ಬರಿಗೊಬ್ಬರು ಅಡ್ಡಹೆಸರು ಇಟ್ಟುಕೊಂಡಿದ್ದರು.

ಇನ್ನೊಂದು ಮಾತು. ಸ್ಕ್ರಿಮೇಜ್‌ನಲ್ಲಿ ಮಕ್ಕಳು ನಿಜವಾಗಿ ಓಡುವುದಿಲ್ಲ. ರೆಫರಿ ಇಲ್ಲ, ಸ್ಕೋರ್ ಇಲ್ಲ, ಅರ್ಧ ಮಕ್ಕಳು ರಜೆ ಮುಗಿಸಿ ಬಂದಿರುವುದೇ ಇಲ್ಲ. ಲೀಗ್‌ನ ಮೊದಲ ಮ್ಯಾಚ್‌ನಲ್ಲಿ ಸೀಟಿ ಊದಿದ ಕೂಡಲೇ ಗಾಬರಿ ಆಗುತ್ತದೆ. ಆ ಗಾಬರಿ ಆಗಸ್ಟ್‌ನಲ್ಲೇ ಆಗಿ ಹೋಗಲಿ.

ಉತ್ತರ 2: ಪ್ಲೇನೋ ಕೋಚ್

ನಾನು 8 ವರ್ಷದಿಂದ ಹುಡುಗಿಯರ ತಂಡಗಳಿಗೆ ಕೋಚ್. ಹಗಲು ಆಫೀಸ್ ಕೆಲಸ, ಇದು ಸಂಜೆಗೆ. ನಿಮ್ಮ ಪ್ರಶ್ನೆಯಲ್ಲಿ 6 ಜನ 9ರ ಆಟ ಆಡಿದವರು, 8 ಜನ ಆಡದವರು ಅಂತ ಓದಿ ಅಲ್ಲೇ ನಿಂತುಬಿಟ್ಟೆ. ನನ್ನ ಮಟ್ಟಿಗೆ ಉತ್ತರ ಅಲ್ಲೇ ಇದೆ. ಈ ಆಗಸ್ಟ್‌ನಲ್ಲಿ ಸ್ಕ್ರಿಮೇಜ್ ಮಾಡಿ. ಟೂರ್ನಮೆಂಟ್ ಬೇಕಿದ್ದರೆ ಆಮೇಲೆ.

7ರಿಂದ 9ಕ್ಕೆ ಹೋಗುವುದು ಇಬ್ಬರು ಜಾಸ್ತಿ ಬಂದಷ್ಟು ಸಣ್ಣ ವಿಷಯ ಅಲ್ಲ. ಮೈದಾನ 55–65 ಗಜ ಉದ್ದ ಇದ್ದದ್ದು 70–80 ಆಗುತ್ತದೆ. ಪೆನಾಲ್ಟಿ ಏರಿಯಾಕ್ಕೂ ಮಧ್ಯದ ಗೆರೆಗೂ ನಡುವೆ ಇರುವ ಬಿಲ್ಡ್ ಔಟ್ ಲೈನ್ ಅನ್ನೋ ಗೆರೆ ಹೋಗಿಬಿಡುತ್ತದೆ. ಇದು ದೊಡ್ಡದು. ಇಷ್ಟು ದಿನ ನಮ್ಮ ಗೋಲ್ ಕಿಕ್ ಅಂದರೆ ಎದುರು ತಂಡ ಆ ಗೆರೆಯ ಹಿಂದೆ ಹೋಗಿ ಕಾಯಬೇಕಿತ್ತು. ಈಗ ಪೆನಾಲ್ಟಿ ಏರಿಯಾದ ಹೊರಗಿದ್ದರೆ ಸಾಕು, ಬಾಲ್ ಅಲ್ಲಾಡಿದ ಕೂಡಲೇ ಒಳಗೆ ನುಗ್ಗುತ್ತಾರೆ. ಆಫ್‌ಸೈಡ್ ಕೂಡ ಅದೇ ಗೆರೆಯಿಂದ ಲೆಕ್ಕ ಆಗುತ್ತಿತ್ತು, ಈಗ ಮಧ್ಯದ ಗೆರೆಯಿಂದ. ಗೋಲಿ (ಗೋಲ್‌ಕೀಪರ್) ಕೈಯಿಂದ ಬಿಟ್ಟು ಎತ್ತರಕ್ಕೆ ಒದೆಯುವ ಹಾಗಿರಲಿಲ್ಲ, ಈಗ ಒದೆಯಬಹುದು. ಆ ಬಾಲ್ ಆಕಾಶದಿಂದ ಬರುತ್ತದೆ, ಆದರೆ ಈ ವಯಸ್ಸಿಗೆ ಹೆಡರ್ ನಿಷೇಧ. ಬೇಕೆಂದು ತಲೆ ಕೊಟ್ಟರೆ ಎದುರಾಳಿಗೆ ಇನ್‌ಡೈರೆಕ್ಟ್ ಫ್ರೀ ಕಿಕ್ (ನೇರವಾಗಿ ಗೋಲು ಹೊಡೆಯುವ ಹಾಗಿಲ್ಲದ ಫ್ರೀ ಕಿಕ್). ಹಾಗಾಗಿ ಎದೆಯಲ್ಲಿ, ತೊಡೆಯಲ್ಲಿ ಇಳಿಸಿಕೊಳ್ಳುವುದನ್ನು ಕಲಿಯಬೇಕು. ಇಷ್ಟನ್ನೂ ನಿಮ್ಮ 8 ಮಕ್ಕಳು ಒಂದೇ ತಿಂಗಳಲ್ಲಿ ಅರಗಿಸಿಕೊಳ್ಳಬೇಕು.

ಟೂರ್ನಮೆಂಟ್‌ನಲ್ಲಿ ಏನಾಗುತ್ತದೆ ಹೇಳುತ್ತೇನೆ. ಸಾಮಾನ್ಯವಾಗಿ 3 ಮ್ಯಾಚ್ ಖಚಿತ. ಅರ್ಧಕ್ಕೆ 25 ನಿಮಿಷದಂತೆ ಒಟ್ಟು 150 ನಿಮಿಷ. 14 ಮಕ್ಕಳು, ಮೈದಾನದಲ್ಲಿ 9. ಸಮವಾಗಿ ಹಂಚಿದರೆ ಒಬ್ಬರಿಗೆ 96 ನಿಮಿಷ. ಆದರೆ ಎರಡನೇ ಮ್ಯಾಚ್ ಹೊತ್ತಿಗೆ ಪಾಯಿಂಟ್ಸ್ ಪಟ್ಟಿ ಎಲ್ಲರ ಫೋನ್‌ನಲ್ಲೂ ಬಂದಿರುತ್ತದೆ. ಆಗ 9ರ ಆಟ ಗೊತ್ತಿರುವ 6 ಜನ ಒಳಗೇ ಇರುತ್ತಾರೆ. ಉಳಿದ 3 ಜಾಗಕ್ಕೆ 8 ಮಕ್ಕಳು. ಯಾವ ಕೋಚ್ ಕೂಡ ಕೆಟ್ಟವರಾಗಿ ಹೀಗೆ ಮಾಡುವುದಿಲ್ಲ, ಸ್ಕೋರ್ ಅವರಿಂದ ಮಾಡಿಸುತ್ತದೆ.

ನಾನೇ ಮಾಡಿದ್ದೇನೆ. ಕೆಲವು ವರ್ಷದ ಹಿಂದೆ, ಇದೇ ಯು-11. ಭಾನುವಾರ ಬೆಳಿಗ್ಗೆ ಡ್ರಾ ಆದರೂ ಫೈನಲ್. ಒಬ್ಬ ಹುಡುಗಿಯನ್ನು ಎರಡನೇ ಅರ್ಧದಲ್ಲಿ ಇಳಿಸಲೇ ಇಲ್ಲ. ಅವಳು ಬೆಂಚಿನ ತುದಿಯಲ್ಲಿ ಕೂತು ಶಿನ್ ಗಾರ್ಡ್‌ನ ವೆಲ್ಕ್ರೋ ಬಿಚ್ಚುವುದು, ಹಾಕುವುದು, ಬಿಚ್ಚುವುದು, ಹಾಕುವುದು. ಆ ಚರ್ ಚರ್ ಸದ್ದು ನನ್ನ ಬೆನ್ನ ಹಿಂದೆ ಕೇಳುತ್ತಲೇ ಇತ್ತು. ನಾನು ತಿರುಗಿ ನೋಡಲಿಲ್ಲ. ಡ್ರಾ ಆಯಿತು, ಫೈನಲ್ ಆಡಿದೆವು, ಎಲ್ಲರಿಗೂ ಮೆಡಲ್ ಬಂತು, ಅವಳಿಗೂ ಬಂತು. ನವೆಂಬರ್‌ನಲ್ಲಿ ಅವಳು ಆಟ ಬಿಟ್ಟಳು. ಅದೊಂದೇ ಕಾರಣ ಅಂತ ಹೇಳಲಾರೆ. ಆದರೆ ಅವಳ ಅಮ್ಮನ ಇಮೇಲ್ ಓದಿದಾಗ ಮೊದಲು ಕಿವಿಗೆ ಬಿದ್ದದ್ದು ಆ ಸದ್ದೇ.

ಮುಂದಿನ ಆಗಸ್ಟ್ ನಾವು ಪಕ್ಕದ ಒಂದು ತಂಡದ ಜೊತೆ 3 ಶನಿವಾರ ಆಡಿದೆವು. ನಮ್ಮ ಲೆಫ್ಟ್ ಬ್ಯಾಕ್ ಹುಡುಗಿ ಗೋಲಿಯಿಂದ ಬಾಲ್ ತೆಗೆದುಕೊಂಡು ತಿರುಗುವಷ್ಟರಲ್ಲಿ ಎದುರಿನವಳು ಕಿತ್ತುಕೊಂಡು ಗೋಲು ಹೊಡೆದಳು. ಆ ಕಡೆಯ ಕೋಚ್‌ಗೆ ಕೂಗಿ ಹೇಳಿದೆ, ಇನ್ನೊಂದು ಸಲ ಕೊಡಿ. ಅವರು ಆಗಲಿ ಅಂತ ಕೈ ಎತ್ತಿದರು. ಅದೇ ಗೋಲ್ ಕಿಕ್, ಅದೇ ಹುಡುಗಿಯರು. ಮತ್ತೆ ಹೋಯಿತು. ಮೂರನೇ ಸಲವೂ ಹೋಯಿತು. ನಾಲ್ಕನೇ ಸಲ ಬಾಲ್ ಬರುವ ಮೊದಲೇ ಅವಳು ಒಮ್ಮೆ ಹೆಗಲ ಮೇಲಿಂದ ಹಿಂದೆ ನೋಡಿದಳು. ನಾನು ಹೇಳಿಕೊಟ್ಟಿರಲಿಲ್ಲ. ನೋಡಿ, ಹೊರಗಿನ ಕಾಲಿನಲ್ಲಿ ಬಾಲ್ ತೆಗೆದುಕೊಂಡು ಗೆರೆಯ ಪಕ್ಕದಲ್ಲಿ ಓಡಿದಳು. ಟೂರ್ನಮೆಂಟ್‌ನಲ್ಲಿ ಮೂರು ಸಲ ಕಳೆದುಕೊಂಡಿದ್ದರೆ ಸ್ಕೋರ್ 0-3, ಅವಳು ಬೆಂಚಿನಲ್ಲಿ. ನಾಲ್ಕನೇ ಸಲ ಬರುತ್ತಲೇ ಇರಲಿಲ್ಲ.

ಅರ್ವಿಂಗ್ ಅಪ್ಪ ಹೇಳಿದ್ದರಲ್ಲಿ ಒಂದು ನಿಜ. ಸ್ಕ್ರಿಮೇಜ್ ಸಡಿಲ ಬಿಟ್ಟರೆ ದಂಡ. ಅದಕ್ಕೆ ನಾನು ಹೀಗೆ ಮಾಡುತ್ತೇನೆ. 25 ನಿಮಿಷದ 3 ಭಾಗ. ಮೊದಲನೆಯದು ಪೂರ್ತಿ ಕಲಿಕೆ, ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಎರಡನೆಯದರಲ್ಲಿ 14 ಮಕ್ಕಳನ್ನು ಎರಡು ಮಾಡಿ, ಪಕ್ಕಪಕ್ಕ ಎರಡು ಸಣ್ಣ ಮೈದಾನದಲ್ಲಿ 7ಕ್ಕೆ 7. ಯಾರೂ ಕೂರುವುದಿಲ್ಲ. ಮೂರನೆಯದು ನಿಜವಾದ ಆಟ: ಸೀಟಿ, ಆಫ್‌ಸೈಡ್, ಥ್ರೋ-ಇನ್ ಎಲ್ಲಾ ಸರಿಯಾಗಿ. ಅದಕ್ಕೆ ಹೊಸದಾಗಿ ರೆಫರಿ ಲೈಸೆನ್ಸ್ ತೆಗೆದುಕೊಂಡ ಹೈಸ್ಕೂಲ್ ಮಕ್ಕಳನ್ನು ಕರೆಯುತ್ತೇನೆ, ಅವರಿಗೂ ಅಭ್ಯಾಸ ಬೇಕಿರುತ್ತದೆ. 20 ಡಾಲರ್ ಕೊಡಿ. ಒಂದು ಕಡೆ ತೀರಾ ಜೋರಾದರೆ ಎರಡೂ ತಂಡ ಕಲಸಿಬಿಡಿ.

ಕ್ಲಬ್‌ಗೆ ತಿಳಿಸಿ, ಅವರ ಮೂಲಕವೇ ಮೈದಾನ ತೆಗೆದುಕೊಳ್ಳಿ, ಎದುರು ತಂಡವೂ ನೋಂದಣಿ ಆದದ್ದೇ ಇರಲಿ. ಏಟು ಬಿದ್ದರೆ ವಿಮೆ ಅನ್ವಯಿಸುತ್ತದೋ ಇಲ್ಲವೋ ಎಂಬುದು ಇದರ ಮೇಲೆ ನಿಂತಿರುತ್ತದೆ. ಸುಮ್ನೆ ಪಾರ್ಕಿನಲ್ಲಿ ಸೇರಿ ಆಡಬೇಡಿ.

ಉತ್ತರ 3: ನರ್ಸ್ ಅಮ್ಮ, ಆ್ಯಲೆನ್

ಯಾರೂ ಬಿಸಿಲಿನ ಮಾತು ಎತ್ತಲಿಲ್ಲ. ಆಗಸ್ಟ್‌ನಲ್ಲಿ ಟೆಕ್ಸಸ್ ಮಧ್ಯಾಹ್ನ 100 ಡಿಗ್ರಿ ಫ್ಯಾರನ್‌ಹೀಟ್ ಅಂದರೆ ನಮ್ಮ ಲೆಕ್ಕದಲ್ಲಿ 38. ಕೃತಕ ಹುಲ್ಲಿನ ಮೇಲೆ ಅದಕ್ಕಿಂತ ತುಂಬಾ ಜಾಸ್ತಿ, ಬೂಟಿನ ಅಡಿ ಸುಡುತ್ತದೆ. ಟೂರ್ನಮೆಂಟ್‌ನಲ್ಲಿ ಸಮಯ ನಿಮ್ಮ ಕೈಯಲ್ಲಿ ಇರುವುದಿಲ್ಲ. ನಮಗೆ ಒಮ್ಮೆ ಬೆಳಿಗ್ಗೆ 8ಕ್ಕೊಂದು, ಮಧ್ಯಾಹ್ನ 2ಕ್ಕೊಂದು ಮ್ಯಾಚ್ ಬಂದಿತ್ತು. ನಡುವೆ 5 ಗಂಟೆ ಕಾರಿನಲ್ಲಿ ಎಸಿ ಹಾಕಿಕೊಂಡು ಕೂತಿದ್ದೆವು. ಎರಡನೇ ಮ್ಯಾಚ್‌ನಲ್ಲಿ ನನ್ನ ಮಗಳು ಓಡುವುದು ನಿಲ್ಲಿಸಿ, ಮಂಡಿ ಮೇಲೆ ಕೈ ಇಟ್ಟು, ಬೆವರು ಇಲ್ಲದ ಕೆಂಪು ಮುಖದಲ್ಲಿ ನನ್ನ ಕಡೆ ನೋಡಿದಳು. ಆ ಕ್ಷಣವೇ ಹೊರಗೆ ಕರೆದೆ. ಟೆಂಟಿನಲ್ಲಿ ಕುತ್ತಿಗೆಗೆ, ಕಂಕುಳಿಗೆ ಐಸ್ ಇಟ್ಟು ಕೂರಿಸಿದೆ.

ಈ ಬಿಸಿಲಿಗೆ ಮೈ ಒಗ್ಗಲು ಒಂದೆರಡು ವಾರ ಬೇಕು. ಊರಿಗೆ ಹೋಗಿ ಜುಲೈ ಮಳೆಯಲ್ಲಿ ಇದ್ದು ಬಂದ ಮಕ್ಕಳಿಗಂತೂ ಬೇಕೇ ಬೇಕು. ಸ್ಕ್ರಿಮೇಜ್ ಆದರೆ ಬೆಳಿಗ್ಗೆ 7:30ಕ್ಕೆ ಶುರು ಮಾಡಿ 9:30ಕ್ಕೆ ಮನೆಗೆ ಹೋಗಬಹುದು. ಗುಡುಗು ಕೇಳಿದರೆ ನಿಲ್ಲಿಸಿ, ಕೊನೆಯ ಗುಡುಗಿನಿಂದ 30 ನಿಮಿಷ ಕಾಯಿರಿ. ಒಣ ಬಟ್ಟೆ, ಐಸ್ ನೀರಿನಲ್ಲಿ ನೆನೆಸಿದ ಟವೆಲ್, ಉಪ್ಪು ಹಾಕಿದ ಮಜ್ಜಿಗೆ ಒಂದು ಫ್ಲಾಸ್ಕ್. ನಮ್ಮ ತಂಡದಲ್ಲಿ ಈಗ ಅಮೆರಿಕನ್ ಮಕ್ಕಳೂ ಮಜ್ಜಿಗೆ ಕೇಳುತ್ತಾರೆ.

ಉತ್ತರ 4: ಹಲಸೂರು ಹಾಫ್‌ಬ್ಯಾಕ್

ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ನಾನು ಬೆಳೆದದ್ದು ಗೌತಮಪುರದ ಪಕ್ಕ, ಪೆಲೆ ಪ್ರತಿಮೆ ಇಟ್ಟುಕೊಂಡಿರುವ ಕೇರಿ ಅದು. ನಮಗೆ ಸ್ಕ್ರಿಮೇಜ್ ಅನ್ನೋ ಪದ ಗೊತ್ತಿರಲಿಲ್ಲ. ಸಂಜೆ ಆಚೆ ಬೀದಿಯವರ ಹತ್ತಿರ ಹೋಗಿ "ಮ್ಯಾಚ್ ಹಾಕೋಣವಾ?" ಅನ್ನುವುದು. ಅಷ್ಟೇ. ದೊಡ್ಡವರು ಇಬ್ಬರು ಒಂದೇ ಕಡೆ ಇದ್ದರೆ ಒಬ್ಬನನ್ನು ಈಚೆಗೆ ಎಳೆದುಕೊಳ್ಳುತ್ತಿದ್ದೆವು. ಕತ್ತಲಾದಾಗ ಮುಗಿಯುತ್ತಿತ್ತು. ಗೋಲು ಎಷ್ಟಾಯಿತು ಅಂತ ಜಗಳ ಆಡುತ್ತಲೇ ಮನೆಗೆ ಹೋಗುತ್ತಿದ್ದೆವು.

ಹಾಗಾಗಿ ಸ್ಕ್ರಿಮೇಜ್‌ನಲ್ಲಿ ಮಕ್ಕಳು ನಿಜವಾಗಿ ಓಡಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಆಟ ಅವರದು ಅನ್ನಿಸಿದರೆ ಓಡುತ್ತಾರೆ. ಕೋಚ್ ಎರಡು ನಿಮಿಷಕ್ಕೊಮ್ಮೆ ಸೀಟಿ ಊದಿ ಪಾಠ ಮಾಡಿದರೆ ಓಡುವುದಿಲ್ಲ. ಪ್ಲೇನೋ ಕೋಚ್ ಅವರೇ, ನಿಮ್ಮ 3 ಭಾಗದಲ್ಲಿ ಒಂದನ್ನು ಮಕ್ಕಳಿಗೇ ಬಿಟ್ಟುಕೊಡಿ. ಯಾರು ಎಲ್ಲಿ ಆಡಬೇಕು ಅನ್ನುವುದನ್ನು ಅವರೇ ಹೇಳಲಿ. ಫ್ರಿಸ್ಕೋ ಅಮ್ಮನ ಮಗಳು ಬಾಲ್ ಕೊಟ್ಟುಬಿಡುವುದು ಅಲ್ಲಿ ನಿಲ್ಲಬಹುದು.

ಈಗ ಇಲ್ಲೂ ಶನಿವಾರ ಭಾನುವಾರ ಟರ್ಫ್‌ಗಳಲ್ಲಿ ಒಂದು ದಿನದ ಟೂರ್ನಮೆಂಟ್‌ಗಳೇ. ನನ್ನ ಅಕ್ಕನ ಮಗ ಬೆಳಿಗ್ಗೆ 8ಕ್ಕೆ ಹೋಗಿ ಸಂಜೆ 4ಕ್ಕೆ ಬಂದ. ಆಡಿದ್ದು ಎಷ್ಟು ಎಂದರೆ 35 ನಿಮಿಷ ಅಂದ. ಉಳಿದದ್ದೆಲ್ಲ ನೆಟ್‌ನ ಹೊರಗೆ ಕೂತು ಚಿಪ್ಸ್.

ಅರ್ವಿಂಗ್ ಅಪ್ಪ

ಬೆಂಚಿನ ಹುಡುಗಿಯ ಕಥೆ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನನ್ನ ಮಗ ಯಾವತ್ತೂ ಬೆಂಚಿನಲ್ಲಿ ಕೂತವನಲ್ಲ, ಅದಕ್ಕೆ ನನಗೆ ಈ ಕಡೆಯಿಂದ ಕಂಡಿರಲಿಲ್ಲ. ಆದರೂ ಪಿಜ್ಜಾ ರಾತ್ರಿ ಬಿಡಬೇಡಿ. ಸ್ಕ್ರಿಮೇಜ್ ಹಿಂದಿನ ಸಂಜೆ ಯಾರದಾದರೂ ಮನೆಯಲ್ಲಿ ಮಾಡಿ.

ಪ್ಲೇನೋ ಕೋಚ್

ಹಲಸೂರು ಹಾಫ್‌ಬ್ಯಾಕ್, ಒಳ್ಳೆಯ ಮಾತು. ಎರಡನೇ ಭಾಗವನ್ನು ಮಕ್ಕಳಿಗೆ ಬಿಡುತ್ತೇನೆ. ಟೂರ್ನಮೆಂಟ್ ಬೇಡವೇ ಬೇಡ ಅನ್ನುವವನು ನಾನಲ್ಲ. ಲೀಗ್ ಅರ್ಧ ಮುಗಿದ ಮೇಲೆ, ಅಕ್ಟೋಬರ್ ತಂಪಿನಲ್ಲಿ, ಮನೆಯಿಂದ ಹೋಗಿ ಬರುವಷ್ಟು ಹತ್ತಿರದ್ದು ಒಂದು ಆಡಿಸಿ. ಪ್ರತಿ ಮ್ಯಾಚ್‌ನಲ್ಲೂ ಎಲ್ಲರೂ ಕಡೇಪಕ್ಷ ಅರ್ಧ ಹೊತ್ತು ಆಡುತ್ತಾರೆ ಅಂತ ಪೋಷಕರಿಗೆ ಮೊದಲೇ ಬರೆದು ಕಳಿಸಿ. ಬರೆದಿದ್ದರೆ ಭಾನುವಾರ ಕೋಚ್ ಮನಸ್ಸು ಅಲ್ಲಾಡುವುದಿಲ್ಲ.

ಫ್ರಿಸ್ಕೋ ಅಮ್ಮ

ಎಲ್ಲರಿಗೂ ಥ್ಯಾಂಕ್ಸ್. ತಡವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಮೊದಲನೇ ಸ್ಕ್ರಿಮೇಜ್ ನಿನ್ನೆ ಆಗಿಹೋಯಿತು. ಹ್ಯೂಸ್ಟನ್ ಬೇಡ ಅಂದೆವು. ಇಬ್ಬರು ಪೋಷಕರಿಗೆ ಬೇಜಾರಾಗಿದೆ, ಮಾತಾಡುತ್ತಿದ್ದೇನೆ.

ಬೆಳಿಗ್ಗೆ 7:30ಕ್ಕೆ ಹುಲ್ಲಿನ ಮೈದಾನ. ಮಕ್ಕಳೇ ತಂಡ ಮಾಡಿಕೊಂಡ ಭಾಗದಲ್ಲಿ ಒಬ್ಬ ಹೊಸ ಹುಡುಗಿ ನನ್ನ ಮಗಳನ್ನು ನಡುವೆ ನಿಲ್ಲಿಸಿದಳು. ನನ್ನ ಮಗಳು ಆಗಲ್ಲ ಅಂತ ತಲೆ ಆಡಿಸಿದ್ದು ದೂರದಿಂದ ಕಾಣಿಸಿತು. ಆ ಹುಡುಗಿ ಅವಳ ಎರಡೂ ಭುಜ ಹಿಡಿದು ಅಲ್ಲೇ ಒತ್ತಿ ನಿಲ್ಲಿಸಿ ಓಡಿಹೋದಳು. ನನ್ನ ಮಗಳು ಮೊದಲನೇ ಬಾಲ್ ಕೊಟ್ಟುಬಿಟ್ಟಳು. ಎರಡನೆಯದೂ ಕೊಟ್ಟುಬಿಟ್ಟಳು. ಆಮೇಲೆ ಒಂದನ್ನು ಇಟ್ಟುಕೊಂಡಳು, ನಾಲ್ಕು ಹೆಜ್ಜೆ ಹೋಗಿ ಬಿದ್ದಳು. ಮಂಡಿ ತರಚಿದೆ. ಕಾರಿನಲ್ಲಿ ಬ್ಯಾಂಡೇಜ್ ಹಾಕುವಾಗ ಮುಂದಿನ ಶನಿವಾರ ಎಷ್ಟು ಗಂಟೆಗೆ ಅಂತ ಕೇಳಿದಳು.

ಅಂದ ಹಾಗೆ ಮುಂದಿನ ಶನಿವಾರ ಎದುರು ತಂಡಕ್ಕೆ 2 ಮಕ್ಕಳು ಕಡಿಮೆ ಇದ್ದಾರೆ. ಅದೇ ಮೈದಾನ, 7:30. ನೋಂದಣಿ ಆದ ಯು-11 ಹುಡುಗಿಯರು ಯಾರದಾದರೂ ಮನೆಯಲ್ಲಿ ಇದ್ದರೆ ಹೇಳಿ. ಮಜ್ಜಿಗೆ ನಾನು ತರುತ್ತೇನೆ.